ವೀಸವೋ ಹಾಗವೋ: ಹಳೆಯ ವೈದ್ಯಗ್ರಂಥಗಳನ್ನು ತೂಕಕ್ಕೆ ಹಾಕುವ ಮುನ್ನ

ಓದುಗರ ಪತ್ರ: "ನಮ್ಮದು ಆಯುರ್ವೇದ ಕಾಲೇಜಿನ ಗ್ರಂಥಾಲಯ. ಎರಡು ಕಬ್ಬಿಣದ ಬೀರುಗಳಲ್ಲಿ ಇನ್ನೂರು ಚಿಲ್ಲರೆ ಹಳೆಯ ವೈದ್ಯಗ್ರಂಥಗಳಿವೆ, ಜೊತೆಗೆ ಏಳು ಓಲೆಗರಿ ಕಟ್ಟುಗಳು. ಹೋದ ವರ್ಷ ಎಲ್ಲವನ್ನೂ ಸ್ಕ್ಯಾನ್ ಮಾಡಿಸಿದೆವು. ಈಗ ಸಮಿತಿಯವರು ಮೂಲ ಪ್ರತಿಗಳನ್ನು ದಾಸ್ತಾನಿನಿಂದ ತೆಗೆದು ಜಾಗ ಬಿಡಿಸಿಕೊಳ್ಳೋಣ ಎನ್ನುತ್ತಿದ್ದಾರೆ. ಇವನ್ನು ಕೇಳಿಕೊಂಡು ಯಾರೂ ಬರುವುದಿಲ್ಲ. ಹುಳು ಬೇರೆ ಬಿದ್ದಿದೆ, ನುಸಿಗುಳಿಗೆಗೂ ಬಗ್ಗುತ್ತಿಲ್ಲ. ಸ್ಕ್ಯಾನ್ ಆದ ಮೇಲೂ ಇವು ಬೇಕೆ? ಬೇಕೆಂದರೆ ಹಣವಿಲ್ಲದೆ ಕಾಪಾಡುವುದು ಹೇಗೆ?" (ಹೆಸರು ಪ್ರಕಟಿಸಬೇಡಿ ಎಂದಿರುವ ಗ್ರಂಥಪಾಲಕಿಯೊಬ್ಬರು)

ಸಂಪಾದಕರ ಉತ್ತರ:

ಬೇಕು. ಹಣವಿಲ್ಲದಿದ್ದರೂ ಬೇಕು.

ಸಮಿತಿಯವರ ಮಾತಿನಲ್ಲಿ ನ್ಯಾಯವಿಲ್ಲವೆಂದಲ್ಲ. ಕಾಲೇಜಿಗೆ ಜಾಗದ ಕಷ್ಟ ನಿಜ. ನೂರು ವರ್ಷದ ಹಿಂದಿನ ಪುಸ್ತಕ ನೋಡಿ ಇಂದು ಯಾರಿಗೂ ಔಷಧಿ ಕೊಡಲಾಗದು, ಅದೂ ನಿಜ. ಸ್ಕ್ಯಾನ್ ಇದ್ದರೆ ಮೂಲವನ್ನು ಪದೇ ಪದೇ ಮುಟ್ಟುವುದು ತಪ್ಪುತ್ತದೆ. ಅಷ್ಟನ್ನು ಒಪ್ಪೋಣ. ಆದರೆ ಅದರಲ್ಲಿರುವ ಚಿಕಿತ್ಸೆ ಹಳತಾಯಿತು ಎಂಬುದು ಒಂದು ಮಾತು, ಪುಸ್ತಕವೇ ಹಳತಾಯಿತು ಎಂಬುದು ಬೇರೆಯೇ ಮಾತು. ನಮ್ಮ ವೈದ್ಯಕೀಯ ಗ್ರಂಥಾಲಯಗಳು ಎರಡನ್ನೂ ಒಂದೇ ಎಂದುಕೊಂಡು ಲಾರಿಗಟ್ಟಲೆ ಕಳೆದುಕೊಂಡಿವೆ.

ಸ್ಕ್ಯಾನ್ ಎಂದರೆ ಒಂದು ದಿನ, ಒಂದು ಬೆಳಕಿನಲ್ಲಿ, ಒಂದು ಯಂತ್ರಕ್ಕೆ ಕಂಡಷ್ಟು. ಗ್ರೀಕ್ ವೈದ್ಯ ಗ್ಯಾಲೆನನ ಔಷಧಿ ಗ್ರಂಥಕ್ಕೆ 9ನೇ ಶತಮಾನದ ಸಿರಿಯಾಕ್ ಭಾಷೆಯ ಪ್ರತಿಯೊಂದಿದೆ. 11ನೇ ಶತಮಾನದಲ್ಲಿ ಯಾರೋ ಅದರ ಅಕ್ಷರ ಕೆರೆದು ಅಳಿಸಿ, ಅದೇ ಚರ್ಮದ ಹಾಳೆಗಳ ಮೇಲೆ ಪ್ರಾರ್ಥನಾ ಗೀತೆ ಬರೆದರು. ಬರಿಗಣ್ಣಿಗೆ ಕಾಣುವುದು ಪ್ರಾರ್ಥನೆ ಮಾತ್ರ. ಬೇರೆ ಬೇರೆ ತರಂಗಾಂತರದ ಬೆಳಕಿನಲ್ಲಿ ಚಿತ್ರ ತೆಗೆದಾಗ, ಆಮೇಲೆ 2018ರಲ್ಲಿ ಸ್ಟ್ಯಾನ್‌ಫರ್ಡ್‌ನ ವೇಗವರ್ಧಕ ಕೇಂದ್ರದಲ್ಲಿ ಎಕ್ಸ್-ರೇ ಹಾಯಿಸಿದಾಗ ಅಡಿಯ ಗ್ಯಾಲೆನ್ ಮೇಲೆದ್ದು ಬಂದ. ಪ್ರಾರ್ಥನೆಯ ಫೋಟೊ ಇದೆಯೆಂದು ಹಾಳೆಗಳನ್ನು ಎಸೆದಿದ್ದರೆ? ಲಂಡನ್ನಿನ ವೆಲ್‌ಕಮ್ ಸಂಗ್ರಹದಲ್ಲಿ ಹೆರಿಗೆಯ ಹೊತ್ತಿನಲ್ಲಿ ಹೆಂಗಸರು ರಕ್ಷೆಯಾಗಿ ಸುತ್ತಿಕೊಳ್ಳುತ್ತಿದ್ದ ಚರ್ಮದ ಸುರುಳಿಯೊಂದಿದೆ, ಸುಮಾರು ಐದು ನೂರು ವರ್ಷದ್ದು. ಅದರ ಕಲೆಗಳನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಉದುರಿದ ಪುಡಿಯನ್ನು ಪರೀಕ್ಷಿಸಿದಾಗ ಜೇನು, ಹಾಲು, ಮೊಟ್ಟೆ, ಕಾಳು ಮತ್ತು ಹೆರಿಗೆಯ ಸ್ರಾವದ ಪ್ರೋಟೀನುಗಳು ಸಿಕ್ಕವೆಂದು 2021ರಲ್ಲಿ ಪ್ರಕಟವಾಯಿತು. ಕೊಳೆಯೆಂದು ಒರೆಸಿಬಿಡಬಹುದಾಗಿದ್ದ ಕಲೆ, ಬಾಣಂತಿಯರ ಇತಿಹಾಸಕ್ಕೆ ಸಾಕ್ಷಿಯಾಯಿತು.

"ಇದೇ ಮುದ್ರಣ ಬೇರೆ ಕಡೆಯೂ ಇದೆ" ಎಂದು ನಿಮ್ಮ ಸಮಿತಿಯಲ್ಲಿ ಯಾರಾದರೂ ಅಂದೇ ಅನ್ನುತ್ತಾರೆ. ಅಂಗರಚನೆಯ ಮೇಲೆ ಯುರೋಪಿನ ವೈದ್ಯ ವೆಸಾಲಿಯಸ್ ಬರೆದ ಮಹಾಗ್ರಂಥದ 1555ರ ಮುದ್ರಣದ ಪ್ರತಿಗಳು ಎಷ್ಟೋ ಕಡೆ ಇವೆ. ಅವುಗಳಲ್ಲಿ ಒಂದರ ಅಂಚಿನ ತುಂಬ ವೆಸಾಲಿಯಸ್ಸನೇ ಮುಂದಿನ ಆವೃತ್ತಿಗೆಂದು ತಿದ್ದುಪಡಿ ಬರೆದಿಟ್ಟಿದ್ದ. ಆ ಆವೃತ್ತಿ ಬರಲೇ ಇಲ್ಲ. ಅವನ ಕೊನೆಯ ಆಲೋಚನೆ ಉಳಿದದ್ದು ಆ ಒಂದೇ ಪ್ರತಿಯಲ್ಲಿ. ನಿಮ್ಮ ಇನ್ನೂರರ ಅಂಚುಗಳಲ್ಲಿ ಯಾವ ಪಂಡಿತರ ಪೆನ್ಸಿಲ್ ಗುರುತಿದೆ, ಯಾವ ಕಷಾಯದ ಪಕ್ಕ "ಫಲಿಸಲಿಲ್ಲ" ಎಂದು ಬರೆದಿದೆ ಎಂದು ಯಾರಾದರೂ ನೋಡಿದ್ದಾರೆಯೆ?

ಕನ್ನಡದ ವಿಷಯಕ್ಕೆ ಬರೋಣ. 12ನೇ ಶತಮಾನದಲ್ಲೇ ಕೀರ್ತಿವರ್ಮ ದನಗಳ ವೈದ್ಯವನ್ನು ಕನ್ನಡದಲ್ಲಿ ಬರೆದ, ಜಗದ್ದಳ ಸೋಮನಾಥ ಕಲ್ಯಾಣಕಾರಕವೆಂಬ ಸಂಸ್ಕೃತ ವೈದ್ಯಗ್ರಂಥವನ್ನು ಕನ್ನಡಕ್ಕೆ ತಂದ. 14ನೇ ಶತಮಾನದ ಮಂಗರಾಜ ಖಗೇಂದ್ರಮಣಿದರ್ಪಣದಲ್ಲಿ ವಿಷವೈದ್ಯವನ್ನೇ ಪದ್ಯವಾಗಿಸಿದ. ಇವೆಲ್ಲ ನಮ್ಮ ಕೈಗೆ ಬಂದದ್ದು ಓಲೆಯಿಂದ ಓಲೆಗೆ ನಕಲಾಗಿ. ಹಳೆಯ ಓಲೆಗಳಲ್ಲಿ ಎಕಾರ ಒಕಾರಗಳ ಹ್ರಸ್ವ ದೀರ್ಘ ತಿಳಿಯುವಂತೆ ಬರೆಯುತ್ತಿರಲಿಲ್ಲ. ಪ, ಷ, ವ ಒಂದರಂತೆ ಒಂದು ಕಾಣುತ್ತವೆ. ಒಂದಕ್ಷರ ತಪ್ಪಿದರೆ ಗಿಡವೇ ಬೇರೆ. ತೂಕದ್ದು ಇನ್ನೂ ಸೂಕ್ಷ್ಮ. ವೀಸ ಎಂದರೆ ಹದಿನಾರನೆಯ ಒಂದು ಪಾಲು, ಹಾಗ ಎಂದರೆ ಕಾಲು ಪಾಲು. ಇವನ್ನು ಅಂಕಿಯಲ್ಲಿ ಬರೆಯುವಾಗ ಇರುವುದು ಸಣ್ಣ ಸಣ್ಣ ಗೀಟುಗಳು. ಕಂಠದ, ಅಂದರೆ ಓಲೆಯ ಮೇಲೆ ಬರೆಯುವ ಕಬ್ಬಿಣದ ಲೇಖನಿಯ, ಮೊನೆ ಕೊರೆದ ಆ ಗೀಟಿನಲ್ಲಿ ತುಂಬಿದ್ದ ಮಸಿ ಬಿಟ್ಟುಹೋಗಿದ್ದರೆ ಮೇಲಿಂದ ನೇರ ಬೆಳಕು ಬಿಟ್ಟು ತೆಗೆದ ಸ್ಕ್ಯಾನಿನಲ್ಲಿ ಅದು ಕಾಣುವುದೇ ಇಲ್ಲ. ಓಲೆಯನ್ನು ಕೈಯಲ್ಲಿ ಹಿಡಿದು, ಪಕ್ಕದಿಂದ ದೀಪ ಓರೆಯಾಗಿ ಹಾಯಿಸಿದರೆ ಗೀಟಿನ ನೆರಳು ಬೀಳುತ್ತದೆ, ಆಗ ಕಾಣುತ್ತದೆ. ವತ್ಸನಾಭಿಯಂಥ ವಿಷದ್ರವ್ಯ ಸೇರುವ ಮದ್ದಿನಲ್ಲಿ ವೀಸವೋ ಹಾಗವೋ ಎಂದರೆ ನಾಲ್ಕು ಪಟ್ಟಿನ ವ್ಯತ್ಯಾಸ. ಸಂಶಯ ತೀರಿಸಲು ಓಲೆಯೇ ಬೇಕು.

ಸ್ಕ್ಯಾನ್ ಮಾಡಿಸಿದ್ದೀರಿ, ಸಂತೋಷ. ಈಗ ಅದನ್ನು ತೆರೆದು ನೋಡಿ. ಖಾಲಿ ಹಾಳೆ, ರಟ್ಟಿನ ಒಳಮೈ, ಮಡಿಸಿದ ಚಿತ್ರಪಟ, ಓಲೆ ಕಟ್ಟಿನ ಮರದ ಹಲಗೆ ಇವೆಲ್ಲ ಬಂದಿವೆಯೆ? ಪುಟಕ್ಕೆ ಇಷ್ಟೆಂದು ದರ ಕಟ್ಟುವ ಗುತ್ತಿಗೆದಾರರು ಬಿಡುವುದು ಇವನ್ನೇ, ಮಾಲೀಕರ ಸಹಿ ಮತ್ತು ತಾರೀಖು ಇರುವುದೂ ಇಲ್ಲೇ. ಬಣ್ಣವಿಲ್ಲದ ಕಪ್ಪು-ಬಿಳುಪು ಸ್ಕ್ಯಾನ್ ಆಗಿದ್ದರೆ ಪೆನ್ಸಿಲ್ ಬರಹ ಮಾಯವಾಗಿರುತ್ತದೆ. ಇಂಚಿಗೆ 400 ಚುಕ್ಕೆಯ ಬಣ್ಣದ ಟಿಫ್ ಕಡತ ಇದೆಯೆ, ಅಥವಾ ಕುಗ್ಗಿಸಿದ ಪಿಡಿಎಫ್ ಮಾತ್ರವೆ? ಮೂರು ಪ್ರತಿ ಬೇಕು, ಎರಡು ಬಗೆಯ ಮಾಧ್ಯಮದಲ್ಲಿ, ಒಂದು ಬೇರೆ ಊರಿನಲ್ಲಿ. ಇರುವುದು ಒಂದೇ ಹಾರ್ಡ್ ಡಿಸ್ಕಾದರೆ, ಹುಳು ತಿಂದ ಪುಸ್ತಕ ಅದಕ್ಕಿಂತ ಹೆಚ್ಚು ಕಾಲ ಬದುಕುತ್ತದೆ.

ಇನ್ನು ಹುಳು. ನುಸಿಗುಳಿಗೆಗೆ ಬಗ್ಗುತ್ತಿಲ್ಲ ಎಂದಿರಿ. ಬಗ್ಗುವುದಿಲ್ಲ. ಅದರ ವಾಸನೆ ದೊಡ್ಡ ಹುಳುವನ್ನು ಸ್ವಲ್ಪ ದೂರ ಇಡಬಹುದು, ರಟ್ಟಿನೊಳಗಿನ ಮೊಟ್ಟೆ ಮರಿಗಳಿಗೆ ತಾಗದು. ಮುಚ್ಚಿದ ಬೀರು ತೆರೆದು ದಿನವೂ ಆ ಗಾಳಿ ಕುಡಿಯುವ ಅಟೆಂಡರಿಗೆ ಮಾತ್ರ ಚೆನ್ನಾಗಿ ತಾಗುತ್ತದೆ. ಇವತ್ತೇ ತೆಗೆಸಿಬಿಡಿ. ಸೂಜಿ ಚುಚ್ಚಿದಂಥ ದುಂಡು ತೂತು, ಕೆಳಗೆ ಹುಡಿ ಇದ್ದರೆ ಅದು ಸಾಮಾನ್ಯವಾಗಿ ಡ್ರಗ್‌ಸ್ಟೋರ್ ಬೀಟಲ್ ಎಂಬ ಜೀರುಂಡೆಯ ಜಾತಿಯದು. ಔಷಧಿ ಅಂಗಡಿಯ ಒಣ ಬೇರು, ಒಣಶುಂಠಿ, ಅರಿಸಿನ ಅದರ ಮೊದಲ ಊಟ. ಅದರಿಂದಲೇ ಆ ಹೆಸರು. ಬೈಂಡಿಂಗಿನ ಅಂಟು ಮತ್ತು ಚರ್ಮ ಎರಡನೆಯ ಪಂಕ್ತಿ. ನಿಮ್ಮದು ಆಯುರ್ವೇದ ಕಾಲೇಜು, ದ್ರವ್ಯಗುಣದ (ಒಣ ಬೇರು, ತೊಗಟೆಯಂಥ ಔಷಧಿ ಸಾಮಗ್ರಿಯ) ಮಾದರಿಗಳ ಕೋಣೆ ಗ್ರಂಥಾಲಯದ ಪಕ್ಕದಲ್ಲಿದೆಯೆ ನೋಡಿ. ಇದ್ದರೆ ಹುಳುವಿನ ಮೂಲ ಅಲ್ಲಿರಬಹುದು. ಪುಟಗಳ ನಡುವೆ ಬೇವಿನೆಲೆ ಇಡುವುದೂ ಬೇಡ, ಕಲೆ ಕೂರುತ್ತದೆ.

ಹುಳು ಜೀವಂತವಿದೆಯೆ ಎಂದು ತಿಳಿಯಲು ಪುಸ್ತಕವನ್ನು ಕೊಡವಿ, ಬಿಳಿ ಹಾಳೆಯ ಮೇಲಿಟ್ಟು ತಾರೀಖು ಬರೆಯಿರಿ. ಹದಿನೈದು ದಿನದಲ್ಲಿ ಹೊಸ ಹುಡಿ ಬಿದ್ದರೆ ಇದೆ. ಅಂಥ ಕಾಗದದ ಪುಸ್ತಕವನ್ನು ದಪ್ಪ ಪಾಲಿಥೀನ್ ಚೀಲದಲ್ಲಿ ಗಾಳಿ ಆದಷ್ಟು ಹೊರಡಿಸಿ ಮುಚ್ಚಿ, ಐಸ್‌ಕ್ರೀಮ್ ಅಂಗಡಿಯಲ್ಲಿರುವಂಥ ಡೀಪ್ ಫ್ರೀಜರಿನಲ್ಲಿ ಮೈನಸ್ 20 ಡಿಗ್ರಿಯಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಚೀಲವನ್ನು ಒಂದು ಇಡೀ ದಿನ ಬಿಚ್ಚಬಾರದು. ಬಿಚ್ಚಿದರೆ ತಣ್ಣನೆಯ ಹಾಳೆಯ ಮೇಲೆ ಗಾಳಿಯ ತೇವ ನೀರಾಗಿ ಕೂತು ಬೂಷ್ಟು ಹಿಡಿಯುತ್ತದೆ. ಫ್ರಿಜ್ಜಿನ ಮಾಮೂಲಿ ಐಸ್ ಪೆಟ್ಟಿಗೆ ಸಾಲದು, ನಿಧಾನ ತಂಪಾದರೆ ಹುಳು ಒಗ್ಗಿಕೊಂಡು ಬದುಕುತ್ತದೆ. ಓಲೆಗರಿಯನ್ನು ಫ್ರೀಜರಿಗೆ ಹಾಕಬೇಡಿ. ಅದಕ್ಕೆ ಗಾಳಿ ಹಾಯದ ವಿಶೇಷ ಚೀಲದಲ್ಲಿ ಆಮ್ಲಜನಕ ಹೀರುವ ಪೊಟ್ಟಣ ಇಟ್ಟು ಮೂರು ವಾರ ಮುಚ್ಚುವ ಕ್ರಮವಿದೆ. ಸಾಮಾನ್ಯ ಪಾಲಿಥೀನ್ ಇದಕ್ಕೆ ಆಗದು, ಅದರೊಳಗಿಂದ ಆಮ್ಲಜನಕ ನುಸುಳುತ್ತದೆ.

ಹರಿದ ಹಾಳೆಗೆ ಸೆಲ್ಲೋಟೇಪು ಹಚ್ಚಿದವರನ್ನು ಬೈಯುವುದಿಲ್ಲ, ಪ್ರೀತಿಯಿಂದಲೇ ಹಚ್ಚಿರುತ್ತಾರೆ. ಆದರೆ ಅದರ ಅಂಟು ಕೆಲವೇ ವರ್ಷದಲ್ಲಿ ಹಳದಿಯಾಗಿ ಹಾಳೆಯೊಳಕ್ಕೆ ಇಳಿಯುತ್ತದೆ, ಮತ್ತೆ ಹೊರಬರದು. ಹಳೆಯ ಬೈಂಡರುಗಳು ಹುಳು ಬಾರದಿರಲೆಂದು ಮೈದಾ ಅಂಟಿಗೆ ಮೈಲುತುತ್ತ ಹಾಕುತ್ತಿದ್ದರು. ಅದರ ತಾಮ್ರ ಕಾಗದವನ್ನೇ ಬೇಗ ಕೆಡಿಸುತ್ತದೆ. ಸರಿಯಾದ ಅಂಟು ಅಡುಗೆಮನೆಯ ಕೆಲಸ: ಮೈದಾ ಹಿಟ್ಟು ಕಲಸಿ ನೀರಿನಲ್ಲಿ ಹಿಸುಕಿದರೆ ಜಿಗುಟು ಕೈಯಲ್ಲಿ ಉಳಿದು ಪಿಷ್ಟ ತಳಕ್ಕಿಳಿಯುತ್ತದೆ. ಆ ಪಿಷ್ಟವನ್ನು ಒಣಗಿಸಿ, ಒಂದು ಪಾಲಿಗೆ ಐದು ಪಾಲು ಶುದ್ಧ ನೀರು ಸೇರಿಸಿ ಒಂದು ಗಂಟೆ ನೆನೆಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತ ಅರ್ಧ ಗಂಟೆ ಬೇಯಿಸಿ, ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ. ಫ್ರಿಜ್ಜಿನಲ್ಲಿಟ್ಟರೂ ಮೂರು ದಿನ ಮಾತ್ರ, ಹುಳಿ ವಾಸನೆ ಬಂದರೆ ಚೆಲ್ಲಿ. ತೆಳ್ಳನೆಯ ಜಪಾನೀ ಕಾಗದವನ್ನು ಕತ್ತರಿಸದೆ, ನೀರಿನ ಗೆರೆ ಎಳೆದು ಹರಿದು, ನಾರು ಹೊರಚಾಚಿದ ಅಂಚು ಹರಿದ ಜಾಗದ ಮೇಲೆ ಬರುವಂತೆ ಇದರಿಂದ ಅಂಟಿಸಬೇಕು. ಬರಹದ ಮೇಲೆ ಹಚ್ಚುವ ಮೊದಲು, ಒದ್ದೆ ಹತ್ತಿಯ ತುದಿಯನ್ನು ಒಂದಕ್ಷರಕ್ಕೆ ತಾಗಿಸಿ ಶಾಯಿ ಹರಡುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಪ್ಲಾಸ್ಟಿಕ್ ಲ್ಯಾಮಿನೇಶನ್ ಮಾತ್ರ ಎಂದಿಗೂ ಬೇಡ.

ಬೆನ್ನು ಬಿಟ್ಟ ಪುಸ್ತಕಕ್ಕೆ ಹೊಸ ಬೈಂಡಿಂಗ್ ಮಾಡಿಸಲು ಓಡಬೇಡಿ. ಬೈಂಡರು ಅಂಚು ಕತ್ತರಿಸಿ ನೇರ ಮಾಡುವಾಗ ಪಂಡಿತರ ಟಿಪ್ಪಣಿ ಅರ್ಧ ಹೋಗುತ್ತದೆ. ಗಂಜಿ ಪೂರ್ತಿ ಹೋಗುವಂತೆ ಮೂರು ಸಲ ತೊಳೆದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ಚಪ್ಪಟೆ ಹತ್ತಿ ಲಾಡಿಯಿಂದ ಕಟ್ಟಿದರೆ ಸಾಕು. ಗಂಜಿ ಉಳಿದರೆ ಬೆಳ್ಳಿಹುಳುವಿಗೆ ಹಬ್ಬ. ಬೀರುವನ್ನು ಗೋಡೆಯಿಂದ ಒಂದು ಗೇಣು ಈಚೆಗೆ ತನ್ನಿ, ವಾರಕ್ಕೆರಡು ದಿನ ಬಾಗಿಲು ತೆರೆದು ಫ್ಯಾನ್ ಹಾಕಿ, ಮಳೆ ಹಿಡಿದ ದಿನ ಬಿಟ್ಟು. ತೇವ ನೂರಕ್ಕೆ 65 ದಾಟಿದರೆ ಬೂಷ್ಟು ಏಳುತ್ತದೆ. ಹಗಲು ಎಸಿ, ರಾತ್ರಿ ಬಂದ್ ಎಂಬ ವ್ಯವಸ್ಥೆಗಿಂತ ಎಸಿ ಇಲ್ಲದಿರುವುದೇ ಮೇಲು, ಏರಿಳಿತಕ್ಕೆ ಹಾಳೆ ಹಿಗ್ಗಿ ಕುಗ್ಗಿ ಬಿರಿಯುತ್ತದೆ. ಸೋರಿದ ನೀರು ಬಿದ್ದರೆ ಮೊದಲು ಎತ್ತಬೇಕಾದದ್ದು ಅಂಗರಚನೆಯ ಚಿತ್ರಗಳಿರುವ ನುಣುಪು ಹಾಳೆಯ ಪುಸ್ತಕಗಳನ್ನು. ಒದ್ದೆಯಾಗಿ ಒಣಗಿದರೆ ಆ ಹಾಳೆಗಳು ಇಟ್ಟಿಗೆಯಂತೆ ಒಂದಾಗುತ್ತವೆ, ಆಮೇಲೆ ದೇವರೇ ಬಂದರೂ ಬಿಡಿಸಲಾರ.

19ನೇ ಶತಮಾನದ, ಉಜ್ಜ್ವಲ ಹಸಿರು ಬಟ್ಟೆಯ ರಟ್ಟಿನ ವಿಲಾಯತಿ ಪುಸ್ತಕವಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ಆ ಕಾಲದ ಎಮರಾಲ್ಡ್ ಗ್ರೀನ್ ಬಣ್ಣದಲ್ಲಿ ತಾಮ್ರದ ಜೊತೆ ಆರ್ಸೆನಿಕ್ ಇದೆ, ಉದುರಿ ಬೆರಳಿಗೆ ಹತ್ತುತ್ತದೆ. ಅಮೆರಿಕದ ವಿಂಟರ್‌ಥರ್ ಸಂಗ್ರಹಾಲಯದವರು 2019ರಿಂದ ಇಂಥವನ್ನು ಪಟ್ಟಿ ಮಾಡುತ್ತಿದ್ದಾರೆ. ಮುಚ್ಚುವ ಚೀಲದಲ್ಲಿ ಹಾಕಿ, ಮೇಲೆ ಬರೆದಿಡಿ. ಎಂಜಲು ಹಚ್ಚಿ ಪುಟ ತಿರುವುವ ಅಭ್ಯಾಸ ಯಾವ ಪುಸ್ತಕಕ್ಕೂ ಬೇಡ.

ಓಲೆಗಳಿಗೆ ಮೆದು ಕುಂಚದ ಧೂಳು ತೆಗೆತ, ಆಮೇಲೆ ಹತ್ತಿಯಲ್ಲಿ ತೆಳುವಾಗಿ ಸಿಟ್ರೊನೆಲ್ಲಾ ಎಣ್ಣೆ. ಇದು ಕೊರೆದ ಓಲೆಗೆ ಮಾತ್ರ, ಶಾಯಿಯಲ್ಲಿ ಬರೆದದ್ದಕ್ಕೆ ಅಲ್ಲ. ಪ್ರತಿವರ್ಷ ಎಣ್ಣೆ ಮೆತ್ತಿದರೆ ಧೂಳು ಹಿಡಿದು ಓಲೆ ಕಪ್ಪಾಗುತ್ತದೆ. ದಾರ ಬಿಗಿದರೆ ತೂತು ಸೀಳುತ್ತದೆ, ಸಡಿಲಿಸಿದರೆ ಓಲೆ ಸುರುಟುತ್ತದೆ. ಓಲೆಗಿಂತ ತುಸು ದೊಡ್ಡ ಹಲಗೆಗಳ ನಡುವೆ ಸಮನಾಗಿ ಒತ್ತುವಷ್ಟು ಕಟ್ಟಬೇಕು. ಕಾಪಾಡಿದ್ದಕ್ಕೇ ಕಠ್ಮಂಡುವಿನ ಕೈಸರ್ ಗ್ರಂಥಾಲಯದಲ್ಲಿ ಕ್ರಿ.ಶ. 878ರ ಸುಶ್ರುತ ಸಂಹಿತೆಯ ಓಲೆಗಳು ಇಂದಿಗೂ ಓದಲು ಸಿಗುತ್ತವೆ.

ನಿಮ್ಮ ಪತ್ರದ ಒಂದು ಸಾಲಿಗೆ ಮಾತ್ರ ಬೇಸರವಾಯಿತು: "ಕೇಳಿಕೊಂಡು ಯಾರೂ ಬರುವುದಿಲ್ಲ." 1905ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಓಲೆಗಳನ್ನು ತಂದುಕೊಟ್ಟಾಗ ಅರ್ಥಶಾಸ್ತ್ರ ಬೇಕೆಂದು ಯಾರೂ ಸಾಲುಗಟ್ಟಿ ನಿಂತಿರಲಿಲ್ಲ. ಅಲ್ಲಿನ ಗ್ರಂಥಪಾಲಕ ಶಾಮಾಶಾಸ್ತ್ರಿಗಳು ಕಟ್ಟು ಬಿಚ್ಚಿ ಓದಿದರು, 1909ರಲ್ಲಿ ಅಚ್ಚಾಯಿತು. ಪಟ್ಟಿಯೇ ಇಲ್ಲದ ಬೀರುವನ್ನು ಕೇಳಿಕೊಂಡು ಬರುವುದಾದರೂ ಹೇಗೆ?

ತಪ್ಪು ನಿಮ್ಮೊಬ್ಬರದಲ್ಲ. ಸ್ಕ್ಯಾನಿಂಗ್ ಯೋಜನೆಗೆ ಅನುದಾನ ಬರುತ್ತದೆ, ಉದ್ಘಾಟನೆ ಆಗುತ್ತದೆ. ಬಟ್ಟೆ, ಲಾಡಿ, ಕುಂಚಗಳಿಗೆ ಲೆಕ್ಕಶೀರ್ಷಿಕೆಯೇ ಇಲ್ಲ. ದಾಸ್ತಾನು ವಹಿಯಲ್ಲಿ ಮೂರೂವರೆ ರೂಪಾಯಿ ಎಂದು ಬರೆದ ಪುಸ್ತಕ ನೂರು ವರ್ಷವಾದರೂ ಮೂರೂವರೆ ರೂಪಾಯಿಯದೇ, ಆದ್ದರಿಂದ ತೂಕಕ್ಕೆ ಹಾಕಲು ಯಾರೂ ಹಿಂದೆಮುಂದೆ ನೋಡುವುದಿಲ್ಲ. ಕುರ್ಚಿ ಮೇಜನ್ನೂ ಗ್ರಂಥವನ್ನೂ ಒಂದೇ ಕಣ್ಣಿನಿಂದ ನೋಡುತ್ತಾರೆ. ನಿವೃತ್ತರಾದ ಗ್ರಂಥಪಾಲಕರ ಜಾಗಕ್ಕೆ ಜನ ಬರುವುದಿಲ್ಲ, ಬಂದವರಿಗೆ ಓಲೆ ಹಿಡಿಯುವುದನ್ನು ಯಾರೂ ಕಲಿಸಿರುವುದಿಲ್ಲ. ಇಷ್ಟರ ನಡುವೆ ಹುಳುವಿನ ಚಿಂತೆ ಹೊತ್ತು ಪತ್ರಿಕೆಗೆ ಪತ್ರ ಬರೆದಿರಲ್ಲ, ಆ ಬೀರುಗಳ ಪುಣ್ಯ.

ಸಮಿತಿ ಸೇರುವ ಮೊದಲು ಒಂದು ನೋಟ್ ಪುಸ್ತಕದಲ್ಲಿ ಪಟ್ಟಿ ಮಾಡಿ: ಹೆಸರು, ವರ್ಷ, ಮುದ್ರಣಾಲಯ, ಓಲೆಯಾದರೆ ಉದ್ದ ಅಗಲ ಮತ್ತು ಗರಿಗಳ ಸಂಖ್ಯೆ, ಅಂಚಿನ ಬರಹ ಇದೆಯೊ ಇಲ್ಲವೊ, ಯಾರು ಕೊಟ್ಟದ್ದು. ದಿನಕ್ಕೆ ಹತ್ತಾದರೆ ಮೂರು ವಾರದ ಕೆಲಸ. "ದುರ್ಲಭ, ವಿಲೇವಾರಿಗೆ ಒಳಪಡದು" ಎಂದು ಪ್ರತ್ಯೇಕ ವಹಿ ತೆರೆಯಲು ಆ ಪಟ್ಟಿ ಮುಂದಿಟ್ಟು ನಿರ್ಣಯ ಕೇಳಿ. ಆಗದು ಎಂದರೆ ರದ್ದಿಯವನಿಗಿಂತ ಮೊದಲು ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ (ಅಂದಿನ ಓರಿಯೆಂಟಲ್ ಲೈಬ್ರರಿಯೇ ಇದು) ಬರೆಯಿರಿ. ಅಂಟಿಕೊಂಡ ಓಲೆಗಳ ಕಟ್ಟಿದ್ದರೆ ಕುತೂಹಲಕ್ಕೂ ಚಾಕು ತೂರಿಸಬೇಡಿ, ಬಲ್ಲವರು ಬರುವ ತನಕ ಹಾಗೆಯೇ ಬಟ್ಟೆ ಸುತ್ತಿಡಿ.