ಬಾನೆಟ್ ಒಳಗೆ ಸ್ನಾನ ಬೇಡ, ಮೈ ಒರೆಸಿದ್ರೆ ಸಾಕು

ಆಯುಧ ಪೂಜೆ ಹತ್ರ ಬಂತು ಅಂದ್ರೆ ನನಗೆ ಬರೋ ಪ್ರಶ್ನೆಗಳೆಲ್ಲ ಬಾನೆಟ್ ಕೆಳಗೇ ಬಂದು ನಿಲ್ತವೆ. ಗ್ಯಾರೇಜ್ ನಡೆಸ್ತಿದ್ದ ಕಾಲದಲ್ಲೂ ಇದೇ ಕಥೆ. ಹಬ್ಬದ ಹಿಂದಿನ ದಿನ ಊರಿಗೆ ಊರೇ ಗಾಡಿ ತೊಳೆಯುತ್ತೆ, ಮಾರನೇ ದಿನ ಹಾರ ಹಾಕಿ, ಕುಂಬಳಕಾಯಿ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಕೀ ತಿರುಗಿಸಿದ್ರೆ ಗಾಡಿ ಸ್ಟಾರ್ಟೇ ಆಗಲ್ಲ, ನಿಂಬೆಹಣ್ಣು ಇಟ್ಟ ಹಾಗೇ ಇರುತ್ತೆ, ನಮಗೆ ಫೋನ್ ಬರುತ್ತೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಇಂಜಿನ್ ಕ್ಲೀನಿಂಗ್ ಬಗ್ಗೆ ಬಂದಿದ್ದಕ್ಕೆ ಮಾತ್ರ ಉತ್ತರ ಕೊಡ್ತಿದ್ದೀನಿ.

ಸರ್, ನನ್ನದು ಆರು ವರ್ಷ ಹಳೇ ಪೆಟ್ರೋಲ್ ಕಾರು. ಬಾನೆಟ್ ಎತ್ತಿದ್ರೆ ಧೂಳು, ಒಣ ಎಲೆ, ಅಲ್ಲಲ್ಲಿ ಆಯಿಲ್ ಜಿಡ್ಡು. ವಾಟರ್ ಸರ್ವಿಸ್‌ನವರು ಇಂಜಿನ್ ಮೇಲೆ ನೀರು ಹೊಡೀತೀವಿ, ಆಮೇಲೆ ಏನಾದ್ರೂ ಆದ್ರೆ ನಾವು ಜವಾಬ್ದಾರಿ ಅಲ್ಲ ಅಂತಾರೆ. ಮನೇಲೇ ಮಾಡ್ಕೋಬಹುದಾ? ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲಿ ಪೈಪ್ ಹಾಕೋಕೆ ಬಿಡಲ್ಲ. – ಬೆಂಗಳೂರಿನ ಓದುಗರು

ಪೈಪ್ ಹಾಕೋಕೆ ಬಿಡದೇ ಇದ್ದಿದ್ದೇ ಒಳ್ಳೇದಾಯ್ತು ಅಂದ್ಕೊಳ್ಳಿ. 2024ರ ಮಾರ್ಚ್‌ನಲ್ಲಿ ನಿಮ್ಮೂರಲ್ಲಿ ನೀರಿಗೆ ಹಾಹಾಕಾರ ಆದಾಗ ಜಲಮಂಡಳಿ ಕುಡಿಯೋ ನೀರಲ್ಲಿ ಗಾಡಿ ತೊಳೆದ್ರೆ 5000 ರೂಪಾಯಿ ದಂಡ ಅಂತ ಹೇಳಿತ್ತಲ್ಲ, ಆಗ ಎಷ್ಟೋ ಜನ ಬಕೆಟ್ ಲೆಕ್ಕ ಕಲಿತ್ರು. ಇಂಜಿನ್‌ಗೆ ಬಕೆಟ್ಟೂ ಬೇಡ, ಅರ್ಧ ಬಕೆಟ್ ಸಾಕು. ಜ್ವರ ಬಂದವರಿಗೆ ತಲೆ ಮೇಲೆ ನೀರು ಸುರೀತೀವಾ? ಬಟ್ಟೆ ಅದ್ದಿ, ಹಿಂಡಿ, ಮೈ ಒರೆಸ್ತೀವಿ. ಇದೂ ಅಷ್ಟೇ.

ಮೊದಲನೇದು, ಇಂಜಿನ್ ಪೂರ್ತಿ ತಣ್ಣಗಿರಬೇಕು. ರಾತ್ರಿ ನಿಲ್ಲಿಸಿದ ಗಾಡಿಗೆ ಬೆಳಗ್ಗೆ ಕೈ ಹಾಕಿ. ಕಾದ ದೋಸೆ ಕಾವಲಿಗೆ ನೀರು ಚಿಮುಕಿಸಿದಾಗ ಚುಂಯ್ ಅನ್ನುತ್ತಲ್ಲ, ಆಗ ತಾನೇ ಓಡಿಸಿ ಬಂದ ಗಾಡಿಯ ಎಕ್ಸಾಸ್ಟ್ (ಹೊಗೆ ಹೋಗೋ ಪೈಪ್) ಭಾಗ ಅದಕ್ಕಿಂತ ಕೆಟ್ಟದಾಗಿ ಕಾದಿರುತ್ತೆ, ತಣ್ಣೀರು ಬಿದ್ರೆ ಲೋಹ ಗಬಕ್ಕನೆ ಕುಗ್ಗಿ ಬಿರುಕು ಬಿಡಬಹುದು, ಅಲ್ಲೇ ಇರೋ ಆಕ್ಸಿಜನ್ ಸೆನ್ಸರ್ ಒಳಗೆ ಪಿಂಗಾಣಿ ಥರದ ಸೆರಾಮಿಕ್ ಇರುತ್ತೆ, ಅದೂ ಒಡೀಬಹುದು, ಕೈ ಸುಡೋದಂತೂ ಗ್ಯಾರಂಟಿ. ಇನ್ನೊಂದು, ಬಿಸಿ ಮೇಲೆ ಹಾಕಿದ ಡಿಗ್ರೀಸರ್ ಜಿಡ್ಡು ಬಿಡಿಸೋಕೆ ಮುಂಚೆನೇ ಒಣಗಿ ಬಿಳೀ ಕಲೆ ಕೂತ್ಕೊಳ್ಳುತ್ತೆ.

ಕೀ ತೆಗೆದು ಜೇಬಿಗೆ ಹಾಕ್ಕೊಳ್ಳಿ. ಆಮೇಲೆ 10ನೇ ನಂಬರ್ ಸ್ಪ್ಯಾನರ್ ತಗೊಂಡು (ಹೆಚ್ಚಿನ ಗಾಡಿಗೆ ಅದೇ ಹಿಡಿಯುತ್ತೆ) ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ, ಟರ್ಮಿನಲ್‌ಗೆ ತಾಗದ ಹಾಗೆ ಪಕ್ಕಕ್ಕೆ ಬಗ್ಗಿಸಿಡಿ. ಯಾಕೆ ನೆಗೆಟಿವ್ ಮೊದಲು ಅಂದ್ರೆ ಗಾಡಿಯ ಬಾಡಿ ಪೂರ್ತಿ ನೆಗೆಟಿವ್‌ಗೆ ಸೇರಿರುತ್ತೆ, ಪಾಸಿಟಿವ್ ಬಿಚ್ಚೋವಾಗ ಸ್ಪ್ಯಾನರ್ ಬಾಡಿಗೆ ತಗುಲಿದ್ರೆ ದೊಡ್ಡ ಕಿಡಿ, ನೆಗೆಟಿವ್ ಬಿಚ್ಚೋವಾಗ ತಗುಲಿದ್ರೆ ಏನೂ ಆಗಲ್ಲ. ಹಾಕೋವಾಗ ಅದೇ ಕೊನೇಲಿ. ವೈರ್ ಬಿಚ್ಚೋದಕ್ಕೆ ಇನ್ನೊಂದು ಕಾರಣ, ಕೆಲವು ಗಾಡೀಲಿ ಕೀ ಆಫ್ ಇದ್ರೂ ರೇಡಿಯೇಟರ್ ಫ್ಯಾನ್ ತಾನಾಗೇ ತಿರುಗಿಬಿಡುತ್ತೆ, ನಿಮ್ಮ ಬೆರಳು ಅಲ್ಲಿರಬಾರದು. ಬ್ಯಾಟರಿ ವಾಪಸ್ ಹಾಕಿದ್ಮೇಲೆ ಗಡಿಯಾರ, ಸ್ಟೀರಿಯೋ, ಪವರ್ ವಿಂಡೋ ಸೆಟ್ಟಿಂಗ್ ಹೋಗಿರಬಹುದು, ಗಾಬರಿ ಬೇಡ, ಮ್ಯಾನ್ಯುಯಲ್ ನೋಡಿ ಸೆಟ್ ಮಾಡ್ಕೊಳ್ಳಿ.

ಈಗ ಒಣ ಕೆಲಸ. ಎರಡಿಂಚಿನ ಪೇಂಟ್ ಬ್ರಷ್ ಒಂದು, ಮನೇಲಿ ವ್ಯಾಕ್ಯೂಮ್ ಕ್ಲೀನರ್ ಇದ್ರೆ ಅದು. ವೈಪರ್ ಕೆಳಗಿನ ಪ್ಲಾಸ್ಟಿಕ್ ಜಾಲರಿ ಹತ್ರ ಸೇರಿರೋ ಎಲೆ ಕೈಯಲ್ಲೇ ಆರಿಸಿ ತೆಗೀರಿ, ಅಲ್ಲಿ ಮಳೆನೀರು ಇಳಿಯೋ ತೂತು ಇರುತ್ತೆ, ಅದು ಕಟ್ಕೊಂಡ್ರೆ ನೀರು ಒಳಗೆ ಕಾಲ ಹತ್ರದ ಮ್ಯಾಟ್ ಕೆಳಗೆ ಬರುತ್ತೆ, ಜನ ಎಸಿ ಲೀಕ್ ಅಂತ ದುಡ್ಡು ಕಳ್ಕೊಳ್ತಾರೆ. ಒಣಧೂಳು ತೆಗೆದ್ರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಮುಗೀತು. ಧೂಳು ತೆಗೀದೆ ನೀರು ಹಾಕಿದ್ರೆ ಕೆಸರು ಕಲಸಿದ ಹಾಗೇ.

ಆಮೇಲೆ ಮುಚ್ಚೋದು. ಆಲ್ಟರ್ನೇಟರ್ (ಹಳಬರ ಬಾಯಲ್ಲಿ ಡೈನಮೋ), ಫ್ಯೂಸ್ ಬಾಕ್ಸ್, ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್ ಡಬ್ಬಿ), ಸ್ಪಾರ್ಕ್ ಪ್ಲಗ್ ಮೇಲೆ ಕೂತಿರೋ ಕಾಯಿಲ್‌ಗಳು, ಏರ್ ಫಿಲ್ಟರ್ ಬಾಕ್ಸ್ ಗಾಳಿ ಎಳ್ಕೊಳ್ಳೋ ಬಾಯಿ, ಇಷ್ಟಕ್ಕೂ ಬ್ರೆಡ್ ಕವರೋ ಹಾಲಿನ ಕವರೋ ಹಾಕಿ ರಬ್ಬರ್ ಬ್ಯಾಂಡ್ ಬಿಗೀರಿ. ಎಷ್ಟು ಕವರ್ ಹಾಕಿದ್ರಿ ಅಂತ ಎಣಿಸಿ ನೆನಪಿಟ್ಕೊಳ್ಳಿ. ನಾಲ್ಕು ಹಾಕಿ ಮೂರು ತೆಗೆದು ಸ್ಟಾರ್ಟ್ ಮಾಡಿದವರನ್ನ ನೋಡಿದ್ದೀನಿ, ಪ್ಲಾಸ್ಟಿಕ್ ಕರಗಿ ಬೆಲ್ಟ್‌ಗೆ ಸುತ್ಕೊಂಡಿತ್ತು. ಆಯಿಲ್ ಮುಚ್ಚಳ, ಡಿಪ್‌ಸ್ಟಿಕ್, ಕೂಲಂಟ್ ಡಬ್ಬಿ ಎಲ್ಲ ಬಿಗಿಯಾಗಿದ್ಯಾ ನೋಡಿ. ಬ್ರೇಕ್ ಆಯಿಲ್ ಡಬ್ಬಿ ಮುಚ್ಚಳವನ್ನಂತೂ ಕ್ಲೀನ್ ಮಾಡೋ ನೆಪದಲ್ಲಿ ತೆಗೀಲೇಬೇಡಿ. ಆ ಆಯಿಲ್ ನೀರು ಹೀರ್ಕೊಳ್ಳೋ ಜಾತಿ. ಹೊಸ ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಕನಿಷ್ಠ 205 ಡಿಗ್ರಿ ತನಕ ಕುದೀದೆ ತಡೀಬೇಕು ಅಂತ ಲೆಕ್ಕ, ನೀರಂಶ ಸೇರಿದ್ಮೇಲೆ ಅದೇ ಲೆಕ್ಕ 140ಕ್ಕೆ ಇಳಿಯುತ್ತೆ, ಘಾಟಿ ಇಳಿಯೋವಾಗ ಬ್ರೇಕ್ ಕಾದು ಆಯಿಲ್ ಕುದ್ರೆ ಪೆಡಲ್ ಮೆತ್ತಗಾಗಿ ನೆಲಕ್ಕೆ ಹೋಗುತ್ತೆ.

ಜಿಡ್ಡಿಗೆ ನೀರಲ್ಲಿ ಬೆರೆಯೋ ಡಿಗ್ರೀಸರ್ ತಗೊಳ್ಳಿ, ಬಾಟಲ್ ಮೇಲೆ ಬರೆದಷ್ಟೇ ನೀರು ಬೆರೆಸಿ. ಸ್ಪ್ರೇ ಇಂಜಿನ್ ಮೇಲಲ್ಲ, ಬ್ರಷ್ ಮೇಲೆ, ಬಟ್ಟೆ ಮೇಲೆ. ಜಿಡ್ಡಿರೋ ಕಡೆ ಹಚ್ಚಿ ಎರಡು ಮೂರು ನಿಮಿಷ ಬಿಟ್ಟು, ಒಣಗೋಕೆ ಮುಂಚೆ ಒದ್ದೆ ಬಟ್ಟೇಲಿ ಒರೆಸಿ, ಇನ್ನೊಂದು ಒಣಬಟ್ಟೇಲಿ ಒರೆಸಿ. ಬಾತ್‌ರೂಮ್ ಆಸಿಡ್, ಕಾಸ್ಟಿಕ್ ಇರೋ ಕ್ಲೀನರ್ ಹತ್ರಾನೂ ತರಬೇಡಿ, ಅಲ್ಯೂಮಿನಿಯಂ ಭಾಗ ತಿಂದು ಕಪ್ಪಗೆ ಮಾಡುತ್ತೆ. ಬೋರ್‌ವೆಲ್ ನೀರಾದ್ರೆ ಒಣಬಟ್ಟೆ ಕಡ್ಡಾಯ, ಇಲ್ಲಾಂದ್ರೆ ಬಿಳೀ ಚುಕ್ಕೆ ನಿಲ್ಲುತ್ತೆ. ಕವರ್ ತೆಗೆದು ಬಾನೆಟ್ ಎತ್ತಿಟ್ಟು ಒಂದೆರಡು ಗಂಟೆ ಬಿಟ್ಟು ಬ್ಯಾಟರಿ ವೈರ್ ಹಾಕಿ, ಸ್ಟಾರ್ಟ್ ಮಾಡಿ ಹತ್ತು ನಿಮಿಷ ಓಡೋಕೆ ಬಿಡಿ.

ಮರೆತಿದ್ದೆ, ಆಯಿಲ್ ಲೀಕ್ ಅನುಮಾನ ಇದ್ರೆ ಕ್ಲೀನ್ ಮಾಡೋಕೆ ಮುಂಚೆ ಫೋಟೋ ತೆಕ್ಕೊಳ್ಳಿ. ಟ್ಯಾಪೆಟ್ ಕವರ್ (ಇಂಜಿನ್ ತಲೆ ಮೇಲಿನ ಮುಚ್ಚಳ) ಪ್ಯಾಕಿಂಗ್ ಹೋಗಿದ್ಯಾ ಬೇರೆಲ್ಲಾದ್ರೂ ಸೋರ್ತಿದ್ಯಾ ಅಂತ ಮೆಕ್ಯಾನಿಕ್‌ಗೆ ಆ ಜಿಡ್ಡೇ ಹೇಳುತ್ತೆ.

ಸರ, ನಮ್ಮದು ಡೀಸೆಲ್ ಗಾಡಿ ಐತ್ರಿ. ದಿನಾ ಕೆಂಪ ಧೂಳಿನಾಗ ಓಡಾಟ, ಬಾನೆಟ್ ತಗದ್ರ ಕುಂಕುಮ ಹಚ್ಚಿದಂಗ ಆಗೇತಿ. ಗೆಳ್ಯಾನ ಗ್ಯಾರೇಜಿನಾಗ ಕಂಪ್ರೆಸರ್ ಐತಿ, ಗಾಳಿ ಹೊಡದ್ರ ಸಾಕೇನ್ರಿ? – ಸಂಡೂರಿನ ಓದುಗರು

ಸಾಕ್ರಿ. ನಿಮ್ಮ ಕಡೆ ಅದಿರಿನ ಧೂಳಿಗೆ ನೀರಿಗಿಂತ ಗಾಳಿನೇ ವಾಸಿ, ಕನ್ನಡಕ, ಮಾಸ್ಕ್ ಹಾಕ್ಕೊಂಡು, ಒಂದು ಮೊಳ ದೂರದಿಂದ ಹೊಡೀರಿ. ರೇಡಿಯೇಟರ್‌ಗೆ ಮಾತ್ರ ಇಂಜಿನ್ ಕಡೆಯಿಂದ ಹೊರಗಡೆಗೆ ಹೊಡೀಬೇಕು, ಧೂಳು ಬಂದ ದಾರೀಲೇ ವಾಪಸ್ ಹೋಗ್ಲಿ. ಅದರ ಎಸಳು ಬಹಳ ತೆಳು, ಹತ್ತಿರ ಹಿಡಿದು ಜೋರಾಗಿ ಹೊಡೆದ್ರೆ ಮಡಚ್ಕೊಂಡು ಗಾಳಿ ಓಡಾಡಲ್ಲ, ಆಮೇಲೆ ಬೇಸಿಗೇಲಿ ಹೀಟಾಗುತ್ತೆ. ಇನ್ನು ಡೀಸೆಲ್ ಪೈಪ್ ಹತ್ರ ಹಸಿಹಸಿ ಕಂಡ್ರೆ ಇಂಜಿನ್ ಓಡೋವಾಗ ಬೆರಳಿಟ್ಟು ನೋಡೋಕೆ ಹೋಗ್ಬೇಡಿ. ಕಾಮನ್ ರೈಲ್ ಗಾಡೀಲಿ (ಈಗಿನ ಡೀಸೆಲ್ ಗಾಡಿಗಳು ಹೆಚ್ಚಾಗಿ ಇದೇ ಥರದ್ದು) ಆ ಪ್ರೆಶರ್ 1000 ಬಾರ್ ದಾಟಬಹುದು, ಕಣ್ಣಿಗೆ ಕಾಣದ ತೂತಿಂದ ಬಂದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತೆ, ಕೈನೇ ಹೋಗೋ ಅಪಾಯ ಅದು.

ಪ್ರೆಶರ್ ವಾಶರ್‌ನಲ್ಲಿ ಇಂಜಿನ್ ತೊಳೆಸಿದೆ ಸರ್. ಈಗ ಗಾಡಿ ನಡುಗ್ತಿದೆ, ಪಿಕಪ್ ಇಲ್ಲ, ಇಂಜಿನ್ ಲೈಟ್ ಮಿಣುಕ್ತಿದೆ. ಓಡಿಸ್ತಾ ಓಡಿಸ್ತಾ ಒಣಗುತ್ತೆ ಅಂತಾರೆ ಫ್ರೆಂಡ್ಸು. – ತುಮಕೂರಿನ ಓದುಗರು

ಫ್ರೆಂಡ್ಸ್ ಮಾತು ಕೇಳ್ಬೇಡಿ. ಸುಮ್ನೆ ಉರಿಯೋ ಲೈಟ್ ಬೇರೆ, ಮಿಣುಕೋ ಲೈಟ್ ಬೇರೆ. ಮಿಣುಕ್ತಿದೆ ಅಂದ್ರೆ ಯಾವುದೋ ಸಿಲಿಂಡರ್ ಸರಿಯಾಗಿ ಉರೀತಿಲ್ಲ, ಉರೀದ ಪೆಟ್ರೋಲ್ ಸೀದಾ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡೋ ಡಬ್ಬಿ) ಒಳಗೆ ಉರಿದು ಅದನ್ನ ಸುಡ್ತಾ ಇದೆ, ಅದರ ಬೆಲೆ ಕೇಳಿದ್ರೆ ನಿಮಗೂ ನಡುಕ ಬರುತ್ತೆ. ನಿಲ್ಲಿಸಿ. ಹೆಚ್ಚಾಗಿ ಆಗಿರೋದು ಇಷ್ಟೇ, ಸ್ಪಾರ್ಕ್ ಪ್ಲಗ್ ಕೂತಿರೋ ಗುಂಡೀಲಿ ನೀರು ನಿಂತು ಕಾಯಿಲ್‌ನ ಕಿಡಿ ಪ್ಲಗ್‌ಗೆ ಹೋಗೋ ಬದಲು ಪಕ್ಕಕ್ಕೆ ಹಾರ್ತಿದೆ. ಕಾಯಿಲ್ ಬಿಚ್ಚಿ, ಪ್ಲಗ್ ಬಿಚ್ಚೋಕೆ ಮುಂಚೆ ಗುಂಡಿಯ ನೀರು ಗಾಳಿಯಲ್ಲಿ ಊದಿ ತೆಗೆದು, ಕನೆಕ್ಟರ್ ಒಣಗಿಸಿ ಹಾಕಿದ್ರೆ ಬಹಳ ಸಲ ಸರಿ ಹೋಗುತ್ತೆ. ಮೊದಲು ಏರ್ ಫಿಲ್ಟರ್ ಬಾಕ್ಸ್ ತೆಗೆದು ನೋಡಿ. ಫಿಲ್ಟರ್ ತೊಯ್ದಿದ್ರೆ ಸೆಲ್ಫ್ ಹೊಡೀಲೇಬೇಡಿ, ಟೋ ಮಾಡಿಸಿ. ಗಾಳಿ ಅದುಮಿದ್ರೆ ಅದುಮ್ಕೊಳ್ಳುತ್ತೆ, ನೀರು ಅದುಮ್ಕೊಳ್ಳಲ್ಲ, ಸಿಲಿಂಡರ್ ಒಳಗೆ ನೀರು ತುಂಬಿದ್ರೆ ಪಿಸ್ಟನ್ ಹಿಡಿದಿರೋ ಕನೆಕ್ಟಿಂಗ್ ರಾಡೇ ಬಗ್ಗುತ್ತೆ.

ನಾನೂ ಇದೇ ತಪ್ಪು ಮಾಡಿದವನೇ. ಕೆಲಸ ಕಲಿಯೋ ಟೈಮಲ್ಲಿ ಕಾರ್ಬುರೇಟರ್ ಇರೋ ಹಳೇ ಮಾರುತಿ 800 ಒಂದಕ್ಕೆ ಪೈಪ್ ಹಿಡಿದು ಫಳಫಳ ಮಾಡಿ ಮೀಸೆ ತಿರುವಿದ್ದೆ, ಡಿಸ್ಟ್ರಿಬ್ಯೂಟರ್ ಕ್ಯಾಪ್ (ಪ್ಲಗ್‌ಗಳಿಗೆ ಕರೆಂಟ್ ಹಂಚೋ ಡಬ್ಬಿಯ ಮುಚ್ಚಳ) ಒಳಗೆ ನೀರು ಹೋಗಿ ಗಾಡಿ ಉಸಿರೇ ಬಿಡ್ಲಿಲ್ಲ. ಓನರ್ ಮದುವೆ ಮನೆಗೆ ಹೊರಟಿದ್ರು. ಕ್ಯಾಪ್ ಬಿಚ್ಚಿ ಬನಿಯನ್ ವೇಸ್ಟಲ್ಲಿ ಒರೆಸಿ ಬಿಸಿಲಿಗಿಡೋಷ್ಟರಲ್ಲಿ ಮುಹೂರ್ತ ಮುಗಿದಿತ್ತು.

ನಮ್ಮಲ್ಲಿ ಒಬ್ಬರು ಸೀಮೆಎಣ್ಣೆ, ಡೀಸೆಲ್ ಮಿಕ್ಸ್ ಮಾಡಿ ಇಂಜಿನ್‌ಗೆ ಹೊಡೀತಾರೆ ಮಾರಾಯ್ರೆ, ಶೋರೂಮ್ ಪೀಸ್ ಹಾಗೆ ಹೊಳೆಯುತ್ತೆ. ಉಪ್ಪುಗಾಳಿಗೆ ತುಕ್ಕು ಹಿಡಿಯೂದಿಲ್ಲ ಅಂತ ಹೇಳುವುದು ಬೇರೆ ಉಂಟು. ಮಾಡ್ಬಹುದಾ? – ಮಂಗಳೂರಿನ ಓದುಗರು

ಬೇಡ ಮಾರಾಯ್ರೆ. ಒಂದು, ರಬ್ಬರ್ ಹೋಸು, ಬುಷ್ಷು, ವೈರಿನ ಮೇಲಿನ ಕವರು ಎಣ್ಣೆ ಕುಡಿದು ಉಬ್ಬಿ ಮೆತ್ತಗಾಗುತ್ತೆ. ಎರಡು, ಎಣ್ಣೆ ಪಸೆ ಮೇಲೆ ಧೂಳು ಹೋಳಿಗೆಗೆ ಹಿಟ್ಟು ಅಂಟಿದ ಹಾಗೆ ಅಂಟುತ್ತೆ, ಹದಿನೈದು ದಿನಕ್ಕೆ ಮೊದಲಿಗಿಂತ ಗಲೀಜು. ಮೂರನೇದೇ ದೊಡ್ಡದು, ಕಾದ ಎಕ್ಸಾಸ್ಟ್ ಮೇಲೆ ಎಣ್ಣೆ, ಪಕ್ಕದಲ್ಲಿ ಕಿಡಿ, ಬೆಂಕಿಗೆ ಇನ್ನೇನು ಬೇಕು? ಪೆಟ್ರೋಲಲ್ಲಿ ಒರೆಸೋರೂ ಇದ್ದಾರೆ, ಅವರಿಗೆ ಕೈ ಮುಗೀತೀನಿ. ಪ್ಲಾಸ್ಟಿಕ್‌ಗೆ ಹೊಳಪು ಬೇಕೇ ಬೇಕು ಅಂದ್ರೆ ನೀರಿನ ಬೇಸ್ ಇರೋ ಡ್ರೆಸ್ಸಿಂಗ್ ಬಟ್ಟೇಲಿ ಸವರಿ, ಫ್ಯಾನ್ ಬೆಲ್ಟ್‌ಗೆ ತಾಗಬಾರದು, ತಾಗಿದ್ರೆ ಜಾರಿ ಕಿರುಚುತ್ತೆ. ಉಪ್ಪಿಗೆ ಮದ್ದು ಎಣ್ಣೆ ಅಲ್ಲ, ಒದ್ದೆ ಬಟ್ಟೆ. ಬೋಲ್ಟು, ಬ್ರಾಕೆಟ್‌ಗಳನ್ನ ಆಗಾಗ ಒರೆಸಿ ಒಣಗಿಸಿದ್ರೆ ಆಯ್ತು.

ಬಾನೆಟ್ ಒಳಗೆ ಇಲಿ ಗೂಡು ಕಟ್ಟಿದೆ. ಹುಲ್ಲು, ಹಿಕ್ಕೆ, ಅಡಿಕೆ ಸಿಪ್ಪೆ ಎಲ್ಲ ಇದೆ. ಬ್ಲೋವರ್ ಹೊಡೆದು ತೆಗೀಲಾ? – ತೀರ್ಥಹಳ್ಳಿಯ ಓದುಗರು

ಇಲ್ಲಿ ಮಾತ್ರ ನಾನು ಮೇಲೆ ಹೇಳಿದ್ದಕ್ಕೆ ಉಲ್ಟಾ. ಒಣಗಿಸಿ ಗುಡಿಸಬೇಡಿ, ಬ್ಲೋವರ್ ಹೊಡೀಬೇಡಿ, ಗಲೀಜೆಲ್ಲ ಹಾರಿ ಮೂಗು ಬಾಯಿಗೆ ಹೋಗುತ್ತೆ. ನಿಮ್ಮ ಮಲೆನಾಡಲ್ಲಿ ಮಳೆಗಾಲ ಅಂದ್ರೆ ಇಲಿಜ್ವರದ ಕಾಲ, ಅದು ಹರಡೋದೇ ಇಲಿ ಉಚ್ಚೆಯಿಂದ, ಕೈಯಲ್ಲಿ ಒಂದು ಸಣ್ಣ ಗೀರಿದ್ರೂ ಸಾಕು. ರಬ್ಬರ್ ಗ್ಲೌಸ್, ಮಾಸ್ಕ್ ಹಾಕ್ಕೊಂಡು ಗೂಡಿನ ಮೇಲೆ ಡಿಸ್‌ಇನ್ಫೆಕ್ಟೆಂಟ್ ನೀರು ಚಿಮುಕಿಸಿ, ಹತ್ತು ನಿಮಿಷ ನೆನೆಯೋಕೆ ಬಿಟ್ಟು, ಕೈಯಲ್ಲೇ ಎತ್ತಿ ಕವರ್‌ಗೆ ಹಾಕಿ ಕಟ್ಟಿ. ಜಾಗ ಒರೆಸಿ, ಗ್ಲೌಸ್ ಬಿಸಾಕಿ, ಸೋಪಲ್ಲಿ ಕೈ ತೊಳೀರಿ. ಮುಂದಿನ ಒಂದೆರಡು ವಾರದಲ್ಲಿ ಜ್ವರ, ಮೀನಖಂಡದಲ್ಲಿ ನೋವು, ಕಣ್ಣು ಕೆಂಪಗಾದ್ರೆ ಇಲಿ ಗೂಡು ತೆಗೆದಿದ್ದೆ ಅಂತ ಡಾಕ್ಟ್ರಿಗೆ ಬಾಯಿಬಿಟ್ಟು ಹೇಳಿ.

ವೈರ್ ಕಡಿದಿದ್ರೆ ಟೇಪ್ ಸುತ್ತಿ ಮುಗಿಸಬೇಡಿ, ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಹೊಗೆಸೊಪ್ಪು, ನುಸಿಗುಳಿಗೆ ಕೆಲವರಿಗೆ ಕೆಲಸ ಮಾಡಿದೆ, ಕೆಲವರ ಗಾಡೀಲಿ ಇಲಿ ನುಸಿಗುಳಿಗೆ ಪಕ್ಕದಲ್ಲೇ ಮರಿ ಹಾಕಿದೆ. ಕೆಳಗಿಂದ ಕಂಬಿ ಜಾಲರಿ ಹಾಕಿಸಿ, ಅಡಿಕೆ, ಭತ್ತದ ಮೂಟೆ ಪಕ್ಕ ಗಾಡಿ ನಿಲ್ಲಿಸಬೇಡಿ.

ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ ಬೆಳೆದಿದೆ. ಬಿಸಿನೀರು ಹಾಕಿದ್ರೆ ಹೋಗುತ್ತೆ ಅಂತಾರೆ, ನಿಜವಾ? – ದಾವಣಗೆರೆಯ ಓದುಗರು

ಹೋಗುತ್ತೆ, ಆದ್ರೆ ಆಸಿಡ್ ನೀರು ಕೆಳಗಿಳಿದು ಬ್ಯಾಟರಿ ಟ್ರೇ ತಿನ್ನುತ್ತೆ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕದಡಿ, ಎರಡೂ ವೈರ್ ಬಿಚ್ಚಿ (ನೆಗೆಟಿವ್ ಮೊದಲು), ಹಳೇ ಟೂತ್‌ಬ್ರಷ್‌ನಲ್ಲಿ ಹಚ್ಚಿ. ಬುಸ್ ಅಂತ ನೊರೆ ಬಂದ್ರೆ ಆಸಿಡ್ ಸಾಯ್ತಿದೆ ಅಂತ ಅರ್ಥ. ಬ್ಯಾಟರಿ ಮುಚ್ಚಳ ಬಿಗಿಯಾಗಿರಲಿ, ಸೋಡಾ ಒಳಗೆ ಹೋದ್ರೆ ಬ್ಯಾಟರಿ ಆಸಿಡ್ಡೇ ಕೆಡುತ್ತೆ. ಒರೆಸಿ ಒಣಗಿಸಿ, ಟೈಟ್ ಮಾಡಿ, ಮೇಲೆ ಚೂರು ವ್ಯಾಸಲೀನ್. ಹತ್ರ ಬೀಡಿ ಸಿಗರೇಟ್ ಬೇಡ, ಬ್ಯಾಟರಿ ಬಿಡೋ ಹೈಡ್ರೋಜನ್‌ಗೆ ಒಂದು ಕಿಡಿ ಸಾಕು.

ನನ್ನದು ಎಲೆಕ್ಟ್ರಿಕ್ ಕಾರು. ಇದೇ ಥರ ಮಾಡ್ಬಹುದಾ? – ಮೈಸೂರಿನ ಓದುಗರು

ಒಣಬಟ್ಟೆ, ಒಣ ಬ್ರಷ್, ಅಷ್ಟೇ. ಕಿತ್ತಳೆ ಬಣ್ಣದ ಕೇಬಲ್ ಕಂಡ್ರೆ ಅದರಲ್ಲಿ ನೂರಾರು ವೋಲ್ಟ್ ಓಡುತ್ತೆ, ಮುಟ್ಟಬೇಡಿ. ಹೈಬ್ರಿಡ್‌ಗೂ ಇದೇ ಮಾತು.

ಸೆಕೆಂಡ್ ಹ್ಯಾಂಡ್ ಕಾರು ನೋಡೋಕೆ ಹೋಗಿದ್ವಿ ಸರ್, ಇಂಜಿನ್ ಕನ್ನಡಿ ಥರ ಇತ್ತು, ಮನೆಯವರು ತುಂಬಾ ಇಷ್ಟಪಟ್ರು. ತಗೋಬಹುದಲ್ವಾ? – ಹಾಸನದ ಓದುಗರು

ಎಂಟು ವರ್ಷ ಓಡಿದ ಇಂಜಿನ್ ಕನ್ನಡಿ ಥರ ಇದ್ರೆ ನನಗೆ ಅನುಮಾನ ಜಾಸ್ತಿ ಆಗುತ್ತೆ ಮೇಡಂ, ಸೋರೋದನ್ನ ಮುಚ್ಚೋಕೆ ಹಿಂದಿನ ದಿನ ತೊಳೆದಿರಬಹುದು. ಗಾಡಿ ತಗೊಂಡು ಮೂವತ್ತು ನಲವತ್ತು ಕಿಲೋಮೀಟರ್ ಓಡಿಸಿ ಬನ್ನಿ, ಬಾನೆಟ್ ಎತ್ತಿ ಟಾರ್ಚ್ ಹಾಕಿ ಟ್ಯಾಪೆಟ್ ಕವರ್ ಅಂಚು, ಆಯಿಲ್ ಫಿಲ್ಟರ್ ಸುತ್ತ, ಹೋಸ್ ಕ್ಲಾಂಪ್‌ಗಳ ಹತ್ರ ನೋಡಿ, ರಾತ್ರಿ ಕೆಳಗೆ ರಟ್ಟು ಹಾಸಿ ನಿಲ್ಲಿಸೋಕೆ ಒಪ್ತಾರಾ ಕೇಳಿ. ಬೆಳಗ್ಗೆ ರಟ್ಟಿನ ಮೇಲೆ ಕಲೆ ಇಲ್ಲಾಂದ್ರೆ ಆಮೇಲೆ ರೇಟು ಮಾತಾಡಿ.