ಹುಬ್ಬಳ್ಳಿಯಿಂದ ಕಡಿಮೆ ಖರ್ಚಿನಲ್ಲಿ ಬೀಚ್, ಪಾರ್ಕ್ ಎರಡನ್ನೂ ಮಕ್ಕಳಿಗೆ ತೋರಿಸೋದು ಹೇಗೆ?

ಗೋವಾ ಬಿಡಿ, ಗೋಕರ್ಣಕ್ಕೆ ಹೋಗಿ. ದೊಡ್ಡ ಉಳಿತಾಯ ಇರೋದು ಬಸ್ಸಿನಲ್ಲಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ ಫ್ರೀ ಅಲ್ವಾ? ಅದು ರಾಜ್ಯದೊಳಗೆ ಮಾತ್ರ, ಗೋವಾ ಬಸ್ಸಿಗೆ ಎಲ್ಲರೂ ಟಿಕೆಟ್ ತೆಗೆಯಲೇಬೇಕು. ಆಧಾರ್ ಮರೆಯಬೇಡಿ.

ದಾರಿ ಯಲ್ಲಾಪುರ, ಅಂಕೋಲಾ ಮೇಲೆ. ಅರಬೈಲ್ ಘಟ್ಟದಲ್ಲಿ ತಿರುವು ಜಾಸ್ತಿ. ವಾಂತಿ ಮಾಡೋ ಮಕ್ಕಳಿದ್ದರೆ ಮುಂದಿನ ಸೀಟು ಹಿಡಿಯಿರಿ, ಜೇಬಿನಲ್ಲೊಂದು ನಿಂಬೆಹಣ್ಣು ಇರಲಿ.

ರೂಮನ್ನು ಬೀಚ್ ಪಕ್ಕ ಹುಡುಕಬೇಡಿ, ಊರೊಳಗೆ ನೋಡಿ. ಶನಿವಾರ, ಭಾನುವಾರ ಬೇಡ. ನಾವು ಮೊದಲ ದಿನಕ್ಕೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿದ್ದೆವು. ಮರಳು ಸೇರಿ ಚಟ್ನಿ ಕರಕರ ಅಂತಿತ್ತು, ಆದರೂ ಡಬ್ಬಿ ಖಾಲಿ! ಮಳೆಗಾಲದಲ್ಲಿ ಮಾತ್ರ ನೀರಿಗೆ ಇಳಿಯಬೇಡಿ.

ಪಾರ್ಕ್ ವಿಷಯ. ಮಂಗಳೂರಿನ ಪಿಲಿಕುಳ ಚೆನ್ನಾಗಿದೆ, ಸಮುದ್ರವೂ ಹತ್ತಿರ, ಆದರೆ ನಮಗೆ ದೂರ. ಅದರ ಬದಲು ಇನ್ನೊಂದು ದಿನ ಶಿಗ್ಗಾವಿ ಹತ್ತಿರ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ಗೆ ಹೋಗಿ. ಹಳೇ ಕಾಲದ ಹಳ್ಳಿ ಬದುಕೆಲ್ಲ ಆಳೆತ್ತರದ ಬೊಂಬೆಗಳಲ್ಲಿದೆ. ಬೆಳಿಗ್ಗೆ ಹೋದರೆ ಸಂಜೆ ಮನೆಗೆ ಬರಬಹುದು, ರೂಮಿನ ಖರ್ಚೇ ಇಲ್ಲ.