ಕಾಲೇಜಲ್ಲಿ ಡಿಬೇಟ್ ವಿಷಯವನ್ನೇ ಬದಲಾಯಿಸಿದ್ರೆ ಎಂತ ಮಾಡುದು?

ನೀವು ಕೇಳಿದ್ದು ಇಷ್ಟು: ಉಡುಪಿ ಹತ್ರದ ನಿಮ್ಮ ಕಾಲೇಜಲ್ಲಿ ಡಿಬೇಟಿಗೆ ಮೀಸಲಾತಿ ಬಗ್ಗೆ ವಿಷಯ ಇಟ್ಟಿದ್ರಿ, ಹಿಂದಿನ ದಿನ ಅದನ್ನು ತೆಗೆದು "ಮೊಬೈಲ್ ವರವೋ ಶಾಪವೋ" ಅಂತ ಮಾಡಿದ್ರು, ಯಾಕೆ ಅಂತ ಕೇಳಿದ್ರೆ "ಯಾರಿಗಾದ್ರೂ ಬೇಜಾರಾಗ್ತದೆ" ಅಂದ್ರು. ಹಾಗಾದ್ರೆ ಕ್ಯಾಂಪಸ್ಸಲ್ಲಿ ವಾಕ್ ಸ್ವಾತಂತ್ರ್ಯ ಅಂತ ಒಂದು ಉಂಟಾ, ಇದ್ರೆ ನಮಗೆ ಆಗದವರ ಮಾತಿಗೂ ಜಾಗ ಬಿಡಬೇಕಾ ಅಂತ. ಎರಡಕ್ಕೂ ಹೌದು ಅಂತಲೇ ನನ್ನ ಉತ್ತರ. ಆದ್ರೆ ಅದು ನನಗೆ ಪುಸ್ತಕ ಓದಿ ಬಂದದ್ದಲ್ಲ, ಒಮ್ಮೆ ಬಾಯಿ ಮುಚ್ಚಿ ಕೂತು ಆಮೇಲೆ ಸಂಕಟಪಟ್ಟು ಬಂದದ್ದು.

ನಾನು ಮಂಗಳೂರಲ್ಲಿ ಒಂದು ಡಿಗ್ರಿ ಕಾಲೇಜಲ್ಲಿ ಎಕನಾಮಿಕ್ಸ್ ಪಾಠ ಮಾಡುವವಳು. ಗೇಣಿಗೆ ಉಳುತ್ತಿದ್ದವರಿಗೇ ಜಾಗ ಕೊಟ್ಟ 1974ರ ಭೂ ಸುಧಾರಣೆಗೆ 50 ವರ್ಷ ತುಂಬಿದಾಗ ನಮ್ಮ ಡಿಪಾರ್ಟ್‌ಮೆಂಟಿಂದ ಒಂದು ಉಪನ್ಯಾಸ ಇಟ್ಟಿದ್ವಿ. ನಮ್ಮ ಜಿಲ್ಲೆಯಲ್ಲಿ ಅದು ಎಂತಾ ವಿಷಯ ಅಂತ ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ, ಡಿಕ್ಲರೇಶನ್, ಅಂದ್ರೆ ಈ ಜಾಗ ಉಳುವುದು ನಾವೇ ಅಂತ ಅರ್ಜಿ, ಕೊಟ್ಟು ಜಾಗ ಸಿಕ್ಕಿದವರೂ ಇದ್ದಾರೆ, ಗೇಣಿ ಅಕ್ಕಿ ನಂಬಿಕೊಂಡಿದ್ದು ಒಂದೇ ಸಲಕ್ಕೆ ಕೈ ಖಾಲಿಯಾದವರೂ ಇದ್ದಾರೆ, ಎರಡೂ ಮನೆಯ ಮೊಮ್ಮಕ್ಕಳು ನನ್ನ ಕ್ಲಾಸಲ್ಲಿ ಒಂದೇ ಬೆಂಚಲ್ಲಿ ಕೂತ್ಕೊಳ್ತಾರೆ. ಯಾವ ಜಾತಿಯವರಿಗೆ ಎಷ್ಟು ಹೋಯ್ತು ಎಷ್ಟು ಬಂತು ಅಂತ ಮಾತಾಡದೆ ಆ ಪಾಠ ಮಾಡ್ಲಿಕ್ಕೆ ಆಗುದೇ ಇಲ್ಲ. ಹಿಂದಿನ ದಿನ ಸಂಜೆ ಯಾರೋ ಮ್ಯಾನೇಜ್‌ಮೆಂಟಿಗೆ ಫೋನ್ ಮಾಡಿದ್ರಂತೆ, ಒಂದು ಸಮುದಾಯಕ್ಕೆ ಅವಮಾನ ಆಗ್ತದೆ ಅಂತ. ಆಯ್ತು, ಕಾರ್ಯಕ್ರಮ ಕ್ಯಾನ್ಸಲ್. ಅಷ್ಟು ಹೊತ್ತಿಗೆ ಉಪನ್ಯಾಸ ಕೊಡುವವರು ಮೈಸೂರಿಂದ ರಾತ್ರಿ ಬಸ್ ಹತ್ತಿ ಆಗಿತ್ತು. ಬೆಳಿಗ್ಗೆ ನಾನೇ ಬಿಜೈ ಬಸ್‌ಸ್ಟ್ಯಾಂಡಿಗೆ ಹೋಗಿ ಅವರನ್ನು ಕರ್ಕೊಂಡು ಹೋಟೆಲಲ್ಲಿ ಕೂರಿಸಿ ಬನ್ಸ್ ಬಂದ ಮೇಲೆ ವಿಷಯ ಹೇಳಿದ್ದು. ಅವರು ಬನ್ಸ್ ಮುರಿದವರು ಹಾಗೇ ಪ್ಲೇಟಲ್ಲಿ ಇಟ್ಟು ಒಂದೇ ಮಾತು ಕೇಳಿದ್ರು, "ಕಾರಣ ಏನಂತ ಯಾರಾದ್ರೂ ಬರೆದು ಕೊಟ್ರಾ?"

ಯಾರೂ ಬರೆದು ಕೊಟ್ಟಿರ್ಲಿಲ್ಲ. ನಾನು ಕೇಳಿಯೂ ಇರ್ಲಿಲ್ಲ.

ನಿಮ್ಮ ಪ್ರಶ್ನೆಯ ಗುಟ್ಟು ಇಲ್ಲೇ ಇರುದು. ನಮ್ಮಲ್ಲಿ ಮಾತು ನಿಲ್ಲುದು ಹೆಚ್ಚಾಗಿ ಆರ್ಡರಿಂದ ಅಲ್ಲ, ಫೋನಿಂದ. ಕಾಗದದಲ್ಲಿ ಬರೀಬೇಕು ಅಂದ್ರೆ ಕಾರಣ ಬೇಕಾಗ್ತದೆ, ಸಹಿ ಬೇಕಾಗ್ತದೆ, ನಾಳೆ ಅದಕ್ಕೆ ಉತ್ತರ ಕೊಡಬೇಕಾಗ್ತದೆ. ಫೋನಿಗೆ ಅದ್ಯಾವುದೂ ಬೇಡ.

ಸಂವಿಧಾನದ 19(1)(ಎ) ಮಾತಿನ ಹಕ್ಕು ಕೊಡ್ತದೆ, 19(2) ಅದಕ್ಕೆ ಮಿತಿ ಹಾಕ್ತದೆ. ಆ ಮಿತಿ ಬೇಕಾದಷ್ಟು ಎಳೆಯುವ ರಬ್ಬರ್ ಅಲ್ಲ. ದೇಶದ ಸಾರ್ವಭೌಮತ್ವ ಮತ್ತು ಅಖಂಡತೆ, ರಾಜ್ಯದ ಭದ್ರತೆ, ವಿದೇಶಗಳ ಜೊತೆ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ, ಒಟ್ಟು ಎಂಟು. "ಯಾರಿಗಾದ್ರೂ ಬೇಜಾರಾಗ್ತದೆ" ಅನ್ನುದು ಈ ಎಂಟರಲ್ಲಿ ಎಲ್ಲಿಯೂ ಇಲ್ಲ. ಇದರಲ್ಲಿ ನಮ್ಮ ಊರಿನ ಪಾಲೂ ಸ್ವಲ್ಪ ಉಂಟು. 1950ರಲ್ಲಿ ನಮ್ಮ ಜಿಲ್ಲೆ ಮದ್ರಾಸ್ ರಾಜ್ಯಕ್ಕೆ ಸೇರಿತ್ತು, ಮದ್ರಾಸ್ ಸರ್ಕಾರ ಬೊಂಬಾಯಿಯ ಕ್ರಾಸ್ ರೋಡ್ಸ್ ಪತ್ರಿಕೆ ರಾಜ್ಯದ ಒಳಗೆ ಬರಬಾರದು ಅಂತ ನಿಷೇಧ ಹಾಕಿತ್ತು, ಅಂದ್ರೆ ಮಂಗಳೂರಿಗೂ ಬರುವ ಹಾಗಿರ್ಲಿಲ್ಲ. ಸುಪ್ರೀಂ ಕೋರ್ಟ್ ರೊಮೇಶ್ ಥಾಪರ್ ಕೇಸಲ್ಲಿ ಅದನ್ನು ರದ್ದು ಮಾಡ್ತು. ಮರು ವರ್ಷವೇ ಮೊದಲ ತಿದ್ದುಪಡಿ ತಂದು ಸಾರ್ವಜನಿಕ ಸುವ್ಯವಸ್ಥೆ ಅನ್ನುವ ಮಿತಿ ಸೇರಿಸಿದ್ರು, ಜೊತೆಗೆ ನಿರ್ಬಂಧ ಸಮಂಜಸ ಆಗಿರಬೇಕು ಅಂತಲೂ ಬರೆದ್ರು. ಸಮಂಜಸ ಹೌದಾ ಅಲ್ವಾ ಅಂತ ನೋಡ್ಲಿಕ್ಕೆ ಕಾರಣ ಕಣ್ಣೆದುರು ಇರಬೇಕಲ್ಲ, ಅದಕ್ಕೇ ನಾನು ಕಾಗದ ಕಾಗದ ಅನ್ನುದು.

"ಗಲಾಟೆ ಆಗ್ತದೆ" ಅಂತ ಹೇಳ್ತಾರೆ, ಅದೂ ಗೊತ್ತುಂಟು. 1989ರಲ್ಲಿ ಒಂದು ತಮಿಳು ಸಿನೆಮಾದ ಕೇಸಲ್ಲಿ, ರಂಗರಾಜನ್ ಕೇಸ್ ಅಂತಾರೆ, ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟು ಆಗಿದೆ: ಗಲಾಟೆ ಮಾಡ್ತೇವೆ ಅಂತ ಯಾರೋ ಬೆದರಿಸಿದ್ರು ಅಂತ ಮಾತನ್ನು ನಿಲ್ಲಿಸ್ಲಿಕ್ಕೆ ಆಗುದಿಲ್ಲ, ಮಾತಾಡುವವರಿಗೆ ರಕ್ಷಣೆ ಕೊಡುದು ಸರ್ಕಾರದ ಕರ್ತವ್ಯ. ಇಲ್ಲದಿದ್ರೆ ಕಲ್ಲು ಹಿಡಿದವನ ಕೈಗೆ ವಿಟೋ ಕೊಟ್ಟ ಹಾಗೆ.

ಒಂದು ವಿಷಯ ಮುಚ್ಚಿಡ್ಲಿಕ್ಕಿಲ್ಲ, ಇದು ಮುಖ್ಯವಾಗಿ ಸರ್ಕಾರದ ಎದುರು ಎತ್ತುವ ಹಕ್ಕು. ಖಾಸಗಿ ಮ್ಯಾನೇಜ್‌ಮೆಂಟ್ ಎದುರು ಅಷ್ಟು ಸಲೀಸಾಗಿ ನಡೆಯುದಿಲ್ಲ. ಮತ್ತೆ ನಿಮ್ಮ ಲೆಕ್ಚರರ್ ಯಾಕೆ ಸುಮ್ಮನಿದ್ರು ಅಂತ ಅವರ ಮೇಲೆ ಸಿಟ್ಟು ಮಾಡ್ಬೇಡಿ. ಅತಿಥಿ ಉಪನ್ಯಾಸಕರು ನಮ್ಮ ರಾಜ್ಯದಲ್ಲಿ ಸಾವಿರಾರು ಜನ ಇದ್ದಾರೆ, ಬರುವ ವರ್ಷ ಕೆಲಸ ಉಂಟಾ ಇಲ್ವಾ ಅಂತ ಅವರಿಗೇ ಗೊತ್ತಿರುದಿಲ್ಲ. ಅವರು ಬಾಯಿ ಬಿಡಬೇಕು ಅಂತ ನಾನು ಹೇಳುದಿಲ್ಲ. ನನ್ನ ಹಾಗೆ ಪರ್ಮನೆಂಟ್ ಇರುವವರು ಬಿಡಬೇಕಿತ್ತು.

ಅಕಾಡೆಮಿಕ್ ಫ್ರೀಡಂ, ಅಂದ್ರೆ ಪಾಠ ಮಾಡುವವರ ಸ್ವಾತಂತ್ರ್ಯ, ವಾಕ್ ಸ್ವಾತಂತ್ರ್ಯದ ಹತ್ರದ್ದೇ, ಆದ್ರೆ ಅದೇ ಅಲ್ಲ. ರಥಬೀದಿಯಲ್ಲಿ ನಿಂತು ಭೂ ಸುಧಾರಣೆ ಬಗ್ಗೆ ಬಾಯಿಗೆ ಬಂದದ್ದು ಹೇಳ್ಲಿಕ್ಕೆ ನನಗೆ ಹಕ್ಕುಂಟು. ಕ್ಲಾಸಲ್ಲಿ ಹಾಗಲ್ಲ, ಅಲ್ಲಿ ಜಾಗ ಯಾರಿಗೆ ಅಂತ ತೀರ್ಮಾನ ಮಾಡಿದ ಲ್ಯಾಂಡ್ ಟ್ರಿಬ್ಯೂನಲ್‌ನ ದಾಖಲೆ ತೋರಿಸಬೇಕು, ತಪ್ಪಿದ್ರೆ ಸ್ಟೂಡೆಂಟ್ ಎದ್ದು ನಿಂತು ತಪ್ಪು ಅಂತ ಹೇಳ್ಲಿಕ್ಕೆ ಬಿಡಬೇಕು, ಪಾಠ ಬಿಟ್ಟು ನನ್ನ ರಾಜಕೀಯ ಮಾತಾಡ್ಲಿಕ್ಕೂ ಇಲ್ಲ. ಆದ್ರೆ ದಾಖಲೆ ಸರಿ ಉಂಟಾ ಇಲ್ವಾ ಅಂತ ಹೇಳುದು ಆ ವಿಷಯ ಓದಿದವರು, ಫೋನ್ ಮಾಡಿದವರಲ್ಲ.

ಇನ್ನು ಆಗದವರ ಮಾತು. ಮರು ವರ್ಷ ನಮ್ಮಲ್ಲೇ ಬೇರೆ ಮಕ್ಕಳು ಒಬ್ಬರನ್ನು ಕರೆದಿದ್ರು, ಮತಾಂತರ ತಡೆಯುವ 2022ರ ಕಾಯ್ದೆಯ ಪರ ಮಾತಾಡುವವರು. ಅವರ ವಾದ ನನಗೆ ಚೂರೂ ಒಪ್ಪಿಗೆ ಇಲ್ಲ, ಈಗಲೂ ಇಲ್ಲ. ಈ ಸಲ ಫೋನ್ ಬಂದದ್ದು ಇನ್ನೊಂದು ಕಡೆಯಿಂದ. ಸ್ಟಾಫ್‌ರೂಮಲ್ಲಿ ಕೆಲವರಿಗೆ ಖುಷಿಯೇ ಆಯ್ತು, ಒಳ್ಳೆದಾಯ್ತು ಬಿಡಿ ಅಂದ್ರು. ನನಗೆ ಆ ಪ್ಲೇಟಲ್ಲಿ ಉಳಿದ ಅರ್ಧ ಬನ್ಸ್ ನೆನಪಾಯ್ತು. ಪ್ರಿನ್ಸಿಪಾಲರತ್ರ ಹೋಗಿ "ಸರ್, ರದ್ದು ಮಾಡುದಾದ್ರೆ ಕಾರಣ ಒಂದು ಲೆಟರಲ್ಲಿ ಕೊಡಿ" ಅಂತ ಕೇಳಿದೆ. ಪೆನ್ ತೆಗೆದ್ರು, ಲೆಟರ್‌ಹೆಡ್ ಎಳ್ಕೊಂಡ್ರು, ತಾರೀಕು ಹಾಕಿದ್ರು. ಅದರ ಕೆಳಗೆ ಒಂದು ಲೈನೂ ಬರ್ಲಿಲ್ಲ. ಕೊನೆಗೆ ದೊಡ್ಡ ಹಾಲ್ ಬೇಡ, ಸಣ್ಣದು ಕೊಡುವ, ಐಡಿ ಕಾರ್ಡ್ ಇದ್ದವರು ಮಾತ್ರ ಬರಲಿ, ಪ್ರಶ್ನೆಗೆ ಅರ್ಧ ಗಂಟೆ ಬಿಡಬೇಕು ಅಂತ ಆಯ್ತು. ಕಾರ್ಯಕ್ರಮ ನಡೀತು. ನನ್ನ ಸೆಕೆಂಡ್ ಬಿಕಾಂ ಹುಡುಗಿ ಒಬ್ಬಳು ಎದ್ದು ಒಂದರ ಮೇಲೆ ಒಂದು ಮೂರು ಪ್ರಶ್ನೆ ಹಾಕಿದಳು, ಮೂರನೆಯದಕ್ಕೆ ಅವರಿಗೆ ಉತ್ತರ ಹೊಳೀಲಿಲ್ಲ. ಕ್ಯಾನ್ಸಲ್ ಮಾಡಿದ್ರೆ ಆ ಪ್ರಶ್ನೆ ಅವಳ ಹೊಟ್ಟೆಯಲ್ಲೇ ಉಳೀತಿತ್ತು.

ಇದು ನಮಗೆ ಹೊಸತೂ ಅಲ್ಲ ಮಾರಾಯ್ರೆ. ಮಳೆಗಾಲದಲ್ಲಿ ತಾಳಮದ್ದಳೆಗೆ, ಅಂದ್ರೆ ವೇಷ ಇಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನಕ್ಕೆ, ಹೋಗಿ ನೋಡಿ, ವಾಲಿಮೋಕ್ಷದಲ್ಲಿ ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುವ ಪ್ರಶ್ನೆ ಎಂತಾದ್ದು, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಅಂತ. ವಾಲಿಯ ಅರ್ಥಧಾರಿ, ಅಂದ್ರೆ ಅವನ ಮಾತಾಡುವ ಕಲಾವಿದ, ಗಟ್ಟಿ ಇದ್ರೆ ರಾಮನ ಅರ್ಥಧಾರಿಗೆ ಬೆವರು ಬರ್ತದೆ. ಎದುರು ಕೂತವರು ದಿನಾ ರಾಮನಾಮ ಹೇಳುವ ಅಜ್ಜಂದಿರೇ, ಒಬ್ಬರೂ ಎದ್ದು ನಿಲ್ಲಿಸಿ ಅನ್ನುದಿಲ್ಲ. ರಾಮ ಎಂತ ಉತ್ತರ ಕೊಡ್ತಾನೆ ಅಂತ ಕಾಯ್ತಾರೆ.

ಹಾಗಂತ ಎಲ್ಲ ಮಾತಿಗೂ ಅಲ್ಲ. ಆನ್‌ಲೈನಲ್ಲಿ ಕಿರಿಕಿರಿ ಆಗುವ ಮೆಸೇಜ್ ಹಾಕಿದ್ರೂ ಶಿಕ್ಷೆ ಅಂತಿದ್ದ ಐಟಿ ಕಾಯ್ದೆಯ 66ಎ 2015ರಲ್ಲಿ ಬಿದ್ದದ್ದು ಶ್ರೇಯಾ ಸಿಂಘಾಲ್ ಕೇಸಲ್ಲಿ, ಅದರಲ್ಲಿ ಕೋರ್ಟ್ ಚರ್ಚೆ, ಪ್ರತಿಪಾದನೆ, ಪ್ರಚೋದನೆ ಅಂತ ಮೂರು ಬೇರೆ ಮಾಡಿದೆ. ಚರ್ಚೆ ಮಾಡುದು, ಒಂದು ವಾದವನ್ನು ಎಷ್ಟು ಕಹಿಯಾಗಿದ್ರೂ ಎತ್ತಿ ಹಿಡಿಯುದು, ಇದೆರಡೂ ಹಕ್ಕಿನ ಒಳಗೇ. "ಅವರ ಈ ಪದ್ಧತಿ ತಪ್ಪು" ಅಂತ ಹೇಳ್ಬಹುದು. "ಅವರ ಅಂಗಡಿಗೆ ನುಗ್ಗಿ" ಅಂದ್ರೆ ಅದು ಮೂರನೆಯದು, ಅಲ್ಲಿ ಕಾನೂನು ಕೈ ಹಾಕ್ತದೆ, ಹಾಕಬೇಕು ಸಹ. ನಮ್ಮ ಊರಲ್ಲಿ ಮಾತಿಂದ ಶುರುವಾಗಿ ಹೆಣ ಬಿದ್ದದ್ದನ್ನು ನೋಡಿದವಳು ನಾನು, ಈ ಗೆರೆಯನ್ನು ಹಗುರಾಗಿ ಹೇಳ್ತಾ ಇಲ್ಲ.

ಈಗ ನಿಮ್ಮ ಕೆಲಸ. ಒಬ್ಬರೇ ಹೋಗ್ಬೇಡಿ, ನಾಲ್ಕೈದು ಜನ ಸೇರಿ, ಮೀಸಲಾತಿಯ ಪರ ಮಾತಾಡ್ಬೇಕಿದ್ದವರೂ ವಿರೋಧ ಮಾತಾಡ್ಬೇಕಿದ್ದವರೂ ಒಟ್ಟಿಗೆ ಸಹಿ ಹಾಕಿ. ಎರಡೇ ಲೈನ್ ಸಾಕು: ಇಂತಾ ತಾರೀಕಿನ ಡಿಬೇಟ್ ವಿಷಯ ಬದಲಾಯಿಸಿದ ಕಾರಣವನ್ನು ದಯವಿಟ್ಟು ಲಿಖಿತವಾಗಿ ತಿಳಿಸಬೇಕು. ಸಿಟ್ಟಿನ ಮಾತು ಒಂದೂ ಬೇಡ. ಸರ್ಕಾರಿ ಕಾಲೇಜಾದ್ರೆ ಉತ್ತರ ಬರದಿದ್ದಾಗ 10 ರೂಪಾಯಿ ಕಟ್ಟಿ ಆರ್‌ಟಿಐ ಹಾಕ್ಬಹುದು, 30 ದಿನದ ಒಳಗೆ ಉತ್ತರ ಕೊಡಬೇಕಾಗ್ತದೆ. ಲೆಟರನ್ನು ಪ್ರಿನ್ಸಿಪಾಲರ ಕೈಗೆ ಕೊಟ್ಟು ಬರಬೇಡಿ, ಆಫೀಸಲ್ಲಿ ಕೊಟ್ಟು ಇನ್ವರ್ಡ್ ನಂಬರ್ ಹಾಕಿಸಿ, ಸೀಲ್ ಬಿದ್ದ ಕಾಪಿ ಒಂದು ನಿಮ್ಮತ್ರ ಇಟ್ಕೊಳ್ಳಿ.